ಕಿಸೆಯೊಳಗಿನ ಕಿಸೆ

"ಪೀಸಿಗೆ ಎಷ್ಟು ಕೊಡ್ತಾರ?" ಅಂದಳು ಅವ್ವ,
ನನ್ನ ನೇಮಕದ ಪತ್ರವನ್ನು ಬಲ್ಬಿನ ಬೆಳಕಿಗೆ ಹಿಡಿದು
ಖೋಟಾ ನೋಟು ಹುಡುಕುವವಳ ಹಾಗೆ.
ಕೌಲ್ ಬಜಾರಿನ ನಮ್ಮ ಮುಂದಿನ ಖೋಲಿಯ ತುಂಬ
ನೀಲಿ ಧೂಳು. ಕೊಡದ ಬಾಯಿಗೆ, ಕ್ಯಾಲೆಂಡರಿಗೆ,
ಅವಳ ರೆಪ್ಪೆಗೆ, ಹದಿನೆಂಟು ವರ್ಷದ ಜೀನ್ಸಿನ ನೀಲಿ.
ಅವಳ ಪಾಲಿಗೆ ಪೂರಾ ಪ್ಯಾಂಟು ಬರುವುದಿಲ್ಲ.
ಬಲಗಡೆಯ ಕಿಸೆಯೊಳಗೆ ಇನ್ನೊಂದು ಸಣ್ಣ ಕಿಸೆ ಇರುತ್ತದಲ್ಲ,
ಎರಡು ಬೆರಳೂ ಸರಿಯಾಗಿ ಇಳಿಯದ್ದು,
ಅದು. ದಿನಕ್ಕೆ ನಾಲ್ಕುನೂರು.

ಪೀಸಿಗಲ್ಲವ್ವ, ತಿಂಗಳಿಗೆ. ಎಪ್ಪತ್ತೆರಡು ಸಾವಿರ.
ಮಿಷಿನ್ನಿನ ಮೇಲಿನ ಕಾಲು ನಿಂತಿತು.
"ಮನಸು ನೋಡಾಕ?"

ಮನಸು ನೋಡಲಿಕ್ಕೆ.
ಜೊತೆಗೆ ಓದಿದ ಶಿರೀನ್‌ತಾಜ್ ಈಗ ಮೊಬೈಲ್ ಆಟದವರಲ್ಲಿ,
ಆಡುವವನ ಹೆಬ್ಬೆರಳು ಎಲ್ಲಿ ಬೇಸತ್ತು ನಿಲ್ಲುತ್ತದೆ
ಎಂದು ಹೇಳುವುದಕ್ಕೆ ನನ್ನ ಎರಡರಷ್ಟು.
ಗಂಗಾವತಿಯ ಪಂಪನಗೌಡ ಬೀಜದ ಕಂಪನಿಗೆ
ಯಾವ ಬಣ್ಣದ ಪೊಟ್ಟಣವನ್ನು ಕಣ್ಣು ನಂಬುತ್ತದೆಂದು ತೋರಿಸಿ
ಕಾರು ಕೊಂಡ. ಬಿಳಿಯದು.
ನಾಗವೇಣಿ ಮಾತ್ರ ಸರ್ಕಾರಿ ಆಸ್ಪತ್ರೆಯ ಹನ್ನೊಂದನೇ ಕೋಣೆಯಲ್ಲಿ,
ಗುತ್ತಿಗೆ, ಐದು ತಿಂಗಳ ಸಂಬಳ ಬಾಕಿ.
ನಮ್ಮ ಬ್ಯಾಚಿನಲ್ಲಿ ಬಾಗಿಲಿಗೆ ಸಾಲು ಹಚ್ಚಿಸಿಕೊಂಡವಳು
ಅವಳೊಬ್ಬಳೇ.

ನಾನು ತೋರಣಗಲ್ಲಿಗೆ ಹೋದೆ.
ಉಕ್ಕಿನ ಕಾರ್ಖಾನೆಯ ತಣ್ಣನೆಯ ಕೋಣೆ,
ಕಿಟಕಿಯಾಚೆ ಅದಿರಿನ ಕೆಂಪು, ಒಳಗೊಂದು ಯಂತ್ರ.
ದೀಪ ಹತ್ತಿದಾಗ ಗುಂಡಿ ಒತ್ತಬೇಕು.
ಒತ್ತಲು ಹಿಡಿದ ಹೊತ್ತನ್ನು ಅದು ಬರೆದುಕೊಳ್ಳುತ್ತದೆ.
ಉಳಿದದ್ದಕ್ಕೆ ನಾನು.

ಹೊನ್ನೂರವಲಿ, ಕ್ರೇನು, ಹದಿನಾಲ್ಕು ವರ್ಷ.
ಕುದಿವ ಕಬ್ಬಿಣದ ಬಾನೆಯನ್ನು ನೆತ್ತಿಯ ಮೇಲಿಂದ ಒಯ್ಯುವವನು,
ಹಾಲಿನ ಪಾತ್ರೆಯಂತೆ, ತುಳುಕದೆ.
ರಜೆಯ ದಿನ ಬಂದಿದ್ದ, ಇಸ್ತ್ರಿಯ ಅಂಗಿ, ಜೀನ್ಸು.
ದೀಪ ಹತ್ತಿತು. ಅರ್ಧ ಸೆಕೆಂಡು ತಡ.
ಮತ್ತೆ ಹತ್ತಿತು. ಮತ್ತೆ ಅಷ್ಟೇ.

"ಕಣ್ಣು ಚಲೋ ಅದಾವ್ರೀ ಮೇಡಂ.
ಕೆಳಗಿಂದ ವಾಕಿಟಾಕಿಯಾಗ ತಿಪ್ಪೇಸ್ವಾಮಿ ಹೇಳ್ತಿದ್ದ,
ಎತ್ತು, ತಡಿ, ಇಳಸು.
ಈಗ ಬ್ಯಾರೆ ಹುಡುಗನ ದನಿ. ಒಳ್ಳೆ ಹುಡುಗನಾ.
ಇಳಸು ಅಂತಾನ, ನನ್ನ ಕೈ ಒಂಚೂರು ನಿಂತು
ಯಾರು ನೀನು ಅಂತ ಕೇಳ್ತೈತಿ."

ತಿಪ್ಪೇಸ್ವಾಮಿ ಎಲ್ಲಿ ಎಂದು ಕೇಳುವುದು ನನ್ನ ಕೆಲಸ.
ಕೇಳಲಿಲ್ಲ.
ಅವನು ಬಲಗಿಸೆಗೆ ಬೆರಳು ಹಾಕಿದ,
ಅದರೊಳಗಿನದಕ್ಕೆ.
ನನ್ನ ಕಣ್ಣು ಹೊಲಿಗೆಯ ಮೇಲೆ ನಿಂತಿತು: ಜೋಡಿ ದಾರ, ಮೂಲೆಗೆ ಮರುಗಂಟು.
ಅವ್ವನದೇ ಇರಬೇಕೆಂದೇನಿಲ್ಲ,
ಆ ಓಣಿಯಲ್ಲಿ ಹಾಗೆ ಹಾಕುವ ಕೈ ನೂರಿವೆ.
ಎರಡು ಲವಂಗ ತೆಗೆದ. "ನಿದ್ದಿ ಕಳಿಯಾಕ" ಎಂದು
ಒಂದು ತನ್ನ ಬಾಯಿಗೆ, ಒಂದು ನನ್ನ ಮೇಜಿಗೆ.

ನಮೂನೆಯಲ್ಲಿ ಎರಡೇ ಚೌಕ. ಅರ್ಹ, ಅನರ್ಹ.
ಎರಡನೆಯದಕ್ಕೆ ಗುರುತು ಹಾಕಿದರೆ ಅವನ ಭತ್ಯೆ ಹೋಗುತ್ತದೆ,
ಒಂದನೆಯದಕ್ಕೆ ಹಾಕಿದರೆ
ಕೆಳಗೆ ನಿಂತ ಆ ಒಳ್ಳೆಯ ಹುಡುಗ.
ನನಗೆ ಕೊಡುವುದು ಈ ಒಂದು ಗುರುತಿಗೆ ಎಂದು
ಆಗ ತಿಳಿಯಿತು.
ಅಂಚಿನಲ್ಲಿ ಬರೆದೆ: ಕ್ರೇನಿಂದ ಹದಿನೈದು ದಿನ ಕೆಳಗೆ,
ಭತ್ಯೆ ಕಡಿಯಬಾರದು,
ಇಬ್ಬರೂ ಒಂದೇ ಟೇಬಲ್ಲಿನಲ್ಲಿ ಊಟ ಮಾಡಲಿ.
ಮ್ಯಾನೇಜರು ಕನ್ನಡಕ ಏರಿಸಿದರು.
"ಇದಕ್ಕೆ ಕಾಲಂ ಎಲ್ಲಿದೆ?"
ಕಾಗದ ಇನ್ನೂ ಅವರ ಮೇಜಿನ ಮೇಲಿದೆ.

ರಾತ್ರಿ ಅವ್ವ ಕೇಳಿದಳು, "ಇವತ್ತು ಎಷ್ಟಾತು?"
ಒಂದು.
"ಒಂದಾ!" ನಕ್ಕಳು. ದಾರ ಹಲ್ಲಿಂದ ಕಡಿದು
ಹೊಲಿದದ್ದನ್ನು ರಾಶಿಗೆ ಎಸೆದಳು.
"ಇಷ್ಟು ವರ್ಷ ಹೊಲಿದೀನಿ, ಪಾರಿ,
ಇದರಾಗ ಏನ್ ಇಡ್ತಾರೋ, ನನಗ ಇವತ್ತಿಗೂ ಗೊತ್ತಿಲ್ಲ ನೋಡು."

ಲವಂಗ, ಎಂದೆ.
ಮಿಷಿನ್ನು ಮತ್ತೆ ಶುರುವಾಗಿತ್ತು, ಕೇಳಿಸಲಿಲ್ಲ.