ಎಂಟು ದಿನದ ಗೇಣಿ

ನಾಪೋಕ್ಲಿನ ಕರಿಮೆಣಸು ಸೊಸೈಟಿಗೆ
ಫೆಬ್ರವರಿಯ ಒಂದು ಶನಿವಾರ ಸರ್ವರ್ ಒಯ್ದೆ,
ಮೂರ್ನಾಡಿನಿಂದ, ಸ್ಕೂಟರಿನ ಮುಂದೆ, ಕಾಲ ಸಂದಿಯಲ್ಲಿಟ್ಟು.
ಹೊದ್ದೂರಿನ ಗುಂಡಿಗಳಲ್ಲೆಲ್ಲ ಒಂದು ಕೈ ಅದರ ಮೇಲೆ,
ಜ್ವರದ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವವನ ಹಾಗೆ.

ಮೂರು ಬೇಕು ಅಂದಿದ್ದೆ. ಹೋಗಲಿ, ಎರಡು.
ಅಧ್ಯಕ್ಷ ಮೊಣ್ಣಪ್ಪನವರು ಕಿಟಕಿಯಾಚೆ ಕೈ ತೋರಿಸಿದರು.
"ಆ ಸಿಲ್ವರ್ ಮರ ನೋಡಿ.
ಕಾಫಿಗೆ ನೆರಳೂ ಅದೇ, ಮೆಣಸಿನ ಬಳ್ಳಿಗೆ ಆಸರೆಯೂ ಅದೇ,
ಬೇಲಿ ತಂತಿಗೂ ಅದೇ, ಕೊನೆಗೆ ಮರದ ವ್ಯಾಪಾರಿಗೂ ಅದೇ.
ನಿಮ್ಮ ಪೆಟ್ಟಿಗೆಗೇನು ದಾಡಿ?"
ಮರಕ್ಕೆ ಪಾಸ್‌ವರ್ಡ್ ಇಲ್ಲ ಎನ್ನಲು ಹೊರಟವನು
ಕೊಟ್ಟ ಕಾಫಿ ಕುಡಿದೆ.

ಹಾಗೆ ಒಂದರೊಳಗೇ ಎಲ್ಲ ತುರುಕಿದೆ:
ಹೆಸರು ಹೇಳಿದರೆ ನಂಬರು ಹೇಳುವುದು,
ಬಂದ ಯಂತ್ರಕ್ಕೆಲ್ಲ ಎಂಟು ದಿನದ ಗೇಣಿಗೆ
ಒಂದೊಂದು ವಿಳಾಸ ಬರೆದುಕೊಡುವುದು,
ಯಾರು ಒಳಗೆ, ಯಾರು ಬಾಗಿಲಲ್ಲೇ ಎಂದು ತೀರ್ಮಾನಿಸುವುದು,
ಗಂಟೆ ಎಷ್ಟೆಂದು ಎಲ್ಲರಿಗೂ ಹೇಳುವುದು.
ಐದು ನಿಮಿಷ ಹಿಂದುಳಿದವನನ್ನು ಅದು ಗುರುತೇ ಹಿಡಿಯುವುದಿಲ್ಲ.
ಹದಿನೇಳು ವರ್ಷದ ತೂಕದ ಲೆಕ್ಕ ಕಾಯುವುದು,
ಮತ್ತೆ ಆ ಹಳೆಯ ಪ್ರಿಂಟರಿನ ಮುಂಗೋಪ ತಡೆದುಕೊಳ್ಳುವುದು.

ಇಟ್ಟ ಜಾಗ, ಗೋದಾಮಿನ ಪಕ್ಕದ ಕೋಣೆ.
ಮೊದಲ ಗಂಟೆಯಲ್ಲೇ ಫ್ಯಾನು ಮೆಣಸಿನ ಘಾಟು ಎಳೆದುಕೊಂಡಿತು.
ನಾನು ಮೂರು ಸಲ ಸೀನಿದೆ. ಅದು ಸೀನಲಿಲ್ಲ.

ಮೂರನೆಯ ಬುಧವಾರ ಫೋನು ಬಂತು.
ಕಕ್ಕಬ್ಬೆ ಕಡೆ ಆನೆಯೊಂದು ಬೈನೆ ಮರ ಕೆಡವಿ,
ಮರ ತಂತಿಯನ್ನು ಕೆಡವಿ, ತಂತಿ ಊರನ್ನು ಕೆಡವಿತ್ತು.
ಯುಪಿಎಸ್ ನಲವತ್ತು ನಿಮಿಷ ಏದುಸಿರು ಬಿಟ್ಟು ಸುಮ್ಮನಾಗಿತ್ತು.
ನಾನು ತಲುಪುವಾಗ ಕರೆಂಟು ಬಂದಿತ್ತು, ಪೆಟ್ಟಿಗೆ ಎದ್ದಿರಲಿಲ್ಲ.
ಎದ್ದಿರಲಿಲ್ಲ ಅಂದರೆ, ಏಳುತ್ತಿತ್ತು:
ನಾನು ಯಾರು, ಎಂದು ಕೇಳುತ್ತಿತ್ತು.
ಕೇಳಬೇಕಾದ್ದು ಹೆಸರು ಬಲ್ಲವನನ್ನು,
ಹೆಸರು ಬಲ್ಲವನೂ ತಾನೇ,
ಅವನಿನ್ನೂ ಎದ್ದಿಲ್ಲ,
ಏಳಬೇಕಾದರೆ ತಾನು ಯಾರೆಂದು ತಿಳಿಯಬೇಕು.
ಇಪ್ಪತ್ತು ನಿಮಿಷ ಹೀಗೆ
ತನ್ನ ಬಾಗಿಲು ತಾನೇ ತಟ್ಟುತ್ತ
ಒಳಗಿನಿಂದ ಓಗೊಡುವವನಿಗಾಗಿ ಕಾಯುತ್ತ.

ಹೊರಗೆ ಜೀಪು, ಚೀಲ, ಜನ.
ಆದರೂ ಸಾಲು ಮುಂದೆ ಸಾಗುತ್ತಿತ್ತು.
ದೇಚವ್ವ ಮೇಜನ್ನು ಹೊಸ್ತಿಲಿಗೇ ಎಳೆದು ಕೂತಿದ್ದರು.
"ಮೊಯ್ದು, ಬಲ್ಲಮಾವಟಿಯವರದ್ದು ಹಿಂದಿನ ಬಾಕಿ ನಲವತ್ತೊಂದು ಕಿಲೋ.
ಆ ನೀಲಿ ಜೀಪು? ಖಾತೆ ಅಪ್ಪನದ್ದು, ಮಗಳ ಸಹಿ ನಡೆಯುತ್ತೆ.
ಇವರಿಗೆ ಗೋದಾಮಿನ ಕೀಲಿ ಬೇಡ, ಸದಸ್ಯರಲ್ಲ.
ನೀವು ಅಲ್ಲಿ, ಬೆಂಚಿನ ತುದಿಗೆ."
ಗೋಡೆ ಗಡಿಯಾರ ನಿಂತು ತಿಂಗಳಾಗಿತ್ತು;
ಹನ್ನೆರಡಾಯಿತೆಂದು ಅವರಿಗೆ ಗೊತ್ತಾದದ್ದು
ಭಾಗಮಂಡಲದ ಬಸ್ಸು ತಿರುವಿನಲ್ಲಿ ಹಾರ್ನ್ ಹಾಕಿದಾಗ.

ಬೆಂಚಿನ ತುದಿಯಲ್ಲೇ ಕೂತು ಕೇಳಿದೆ,
"ನೀವು ಕೊನೆಯ ಸಲ ರಜೆ ಹಾಕಿದ್ದು ಯಾವಾಗ?"
"ಪುತ್ತರಿಗೆ, ಅರ್ಧ ದಿನ," ಅಂದರು ತಲೆಯೆತ್ತದೆ. "ಯಾಕೆ?"

ಎರಡನೆಯ ಪೆಟ್ಟಿಗೆಯ ಕೊಟೇಶನ್ ಅಲ್ಲೇ ಬರೆದೆ.
ಅದರ ಕೆಳಗೆ ಇನ್ನೊಂದು ಸಾಲು: ಗುಮಾಸ್ತರು, ಒಬ್ಬರು.
ನನ್ನ ಅಂಗಡಿಯಲ್ಲಿ ಸಿಗುವ ಮಾಲಲ್ಲ ಎಂದು ಹೊಡೆದುಹಾಕಿದೆ.
ಗೆರೆಯಡಿ ಅಕ್ಷರ ಕಾಣುತ್ತಲೇ ಇತ್ತು.
ಮೊಣ್ಣಪ್ಪನವರು ಹೊಡೆದದ್ದನ್ನೂ ಓದಿದರು, ಕನ್ನಡಕ ಒರೆಸಿದರು,
"ಮುಂದಿನ ಸಭೆಗೆ" ಎಂದು ಹಸಿರು ಶಾಯಿಯಲ್ಲಿ ಬರೆದರು.

ಆಗ ಒಳಗೆ ಪ್ರಿಂಟರು, ಯಾರೂ ಕೇಳದೆ,
ಕರೆಂಟು ಹೋಗುವಾಗ ಗಂಟಲಲ್ಲಿ ಸಿಕ್ಕಿಕೊಂಡಿದ್ದ
ಹನ್ನೊಂದು ರಸೀದಿ ಒಂದೊಂದಾಗಿ ಉಗುಳಿತು.
ದೇಚವ್ವ ಎದ್ದು ಹೋಗಿ ಆಯ್ದುಕೊಂಡು
ತಮ್ಮ ಕೈಬರಹದ ಜೊತೆ ತಾಳೆ ನೋಡಿದರು.
ಒಂದರಲ್ಲಿ ಮೂರು ಕಿಲೋ ವ್ಯತ್ಯಾಸ.
ಹಸಿರು ದೀಪ ಮಿಟುಕಿಸುತ್ತಿದ್ದ ಪೆಟ್ಟಿಗೆಯ ಕಡೆ ತಿರುಗಿ
"ನಿಂದೇ ತಪ್ಪು," ಅಂದರು.