ಅಮಾನತು

ರಾಬರ್ಟ್‌ಸನ್‌ಪೇಟೆ ಕೋರ್ಟಿನ ಹೊರಗೆ, ಹುಣಸೆಮರದ ಬುಡದಲ್ಲಿ
ನನ್ನ ಟೈಪ್‌ರೈಟರು. ‘ಳ’ ಅಕ್ಷರ ಒಂದೆಳೆ ಮೇಲಕ್ಕೆ ಬೀಳುತ್ತದೆ:
ಕಾಲುಗಳು ಎಂದು ಹೊಡೆದರೆ
ಕೊನೆಯಲ್ಲೊಂದು ನೆಗೆತ.

ಇನ್ನಾಸಿ ಬಂದದ್ದು ಶುಕ್ರವಾರ, ಕಚೇರಿ ಮುಚ್ಚುವ ಹೊತ್ತಿಗೆ.
ಚಾಂಪಿಯನ್ ರೀಫ್ಸಿನ ಹುಡುಗ, ಸ್ಟಾಪರ್ ಬ್ಯಾಕ್.
ಚೆಂಡು ತಡೆಯುವುದಕ್ಕೇ ಸಂಬಳ ಎಣಿಸುವವನಿಗೆ
ಈಗ ಬೇಕಿದ್ದದ್ದು ತಡೆಯಾಜ್ಞೆ.
ಲೀಗಿನವರು ಒಂದು ವರ್ಷ ಹೊರಗಿಟ್ಟಿದ್ದರು.
“ಅರ್ಜಿದಾರನು ಕೈ ಎತ್ತಿದ್ದು ಆಫ್‌ಸೈಡ್ ಎಂದು ತೋರಿಸಲು,
ರೆಫರಿಯವರ ಮುಖಕ್ಕೆ ಅದು ತಾಗಿದ್ದು ಆಕಸ್ಮಿಕ.”
ಲಾಯರ್ ಚೌಡಪ್ಪ ಹೇಳುತ್ತಾ ಹೋದರು, ನಾನು ಹೊಡೆಯುತ್ತಾ ಹೋದೆ.
ಪೂರ್ಣವಿರಾಮ ಇಟ್ಟಾಗ ಇನ್ನಾಸಿ ಮೆಲ್ಲಗೆ ಅಂದ:
“ಅಕ್ಕಾ, ಅಷ್ಟೇನೂ ಆಕಸ್ಮಿಕ ಅಲ್ಲ.”
ಚೌಡಪ್ಪನವರಿಗೆ ಆ ಕಡೆಯ ಕಿವಿ ಕೇಳುವುದಿಲ್ಲ.

ತಡೆ ಸಿಕ್ಕಿತು. ಶನಿವಾರ ಆಡಿದ, ಅರವತ್ತೆರಡು ನಿಮಿಷ.
ಟಿವಿಯಲ್ಲಿ ನೋಡಿದೆ, ಸಾರಿಗೆ ಒಗ್ಗರಣೆ ಹಾಕುವುದೂ ಮರೆತು:
ನಾನು ಟೈಪು ಮಾಡಿದ ಮನುಷ್ಯ
ಹುಲ್ಲಿನ ಮೇಲೆ ಓಡುತ್ತಿದ್ದ.

ಸೋಮವಾರ ಮುಂಬಯಿಯಿಂದ ಬಂದರು
ಕಪ್ಪು ಕೋಟಿನೊಳಗೂ ಬೆವರದ ಮೂವರು.
ಈ ನ್ಯಾಯಾಲಯಕ್ಕೆ ವ್ಯಾಪ್ತಿಯೇ ಇಲ್ಲ ಅಂದರು.
ಪಂದ್ಯ ನಡೆದದ್ದು ಗೋವಾದಲ್ಲಿ, ಕರಾರು ಆದದ್ದು ಮುಂಬಯಿಯಲ್ಲಿ,
ಕೋಲಾರ ಜಿಲ್ಲೆಗೆ ಸೇರಿದ್ದು ಕಾಲೆರಡು ಮಾತ್ರ.
ಗೆರೆ ದಾಟಿದ ಚೆಂಡನ್ನು ಯಾರು ಎಸೆಯಬೇಕು ಅನ್ನುವುದರ ಮೇಲೇ
ನಾಲ್ಕು ತಿಂಗಳು ವಾದ.

ತಡೆ ತೆರವಾಯಿತು. ತೆರವಿಗೆ ತಡೆ ಕೇಳಿಕೊಂಡು ಕೋಲಾರಕ್ಕೆ ಹೋದ.
ಅಲ್ಲಿಂದ ಹೈಕೋರ್ಟಿಗೆ, ಮಾರಿಕುಪ್ಪಂ ರೈಲಿನಲ್ಲಿ ನಿಂತುಕೊಂಡು,
ಫೈಲು ಅಂಗಿಯೊಳಗೆ.
ಅಲ್ಲಿಂದ ಪುನಃ ಇಲ್ಲಿಗೆ: ಹೊಸದಾಗಿ ವಿಚಾರಿಸಿ ಎಂಬ ಷರಾ.
“ನಮ್ಮಲ್ಲಿ ಇದಕ್ಕೆ ಬ್ಯಾಕ್‌ಪಾಸ್ ಅಂತೀವಿ,” ಅಂದ.
ನಾನು ನಕ್ಕೆ. ಅವನು ನಗುತ್ತಿಲ್ಲವೆಂದು ಕಂಡು ನಿಲ್ಲಿಸಿದೆ.

ಬೆಳಗಿನ ಐದಕ್ಕೆ ಸೈನೈಡ್ ದಿಬ್ಬದ ಮಗ್ಗುಲಲ್ಲಿ
ಒಬ್ಬನೇ ಓಡ್ತಾನೆ, ಅಂದ ಹಾಲಿನವನು.
ವಾಯಿದೆಯ ದಿನ ಮಾತ್ರ ಓಡುವುದಿಲ್ಲವಂತೆ.

ಅಮಾನತು ಎಂದು ಎಷ್ಟು ಸಲ ಹೊಡೆದೆನೋ.
ನಮ್ಮಜ್ಜಿಯ ಬಾಯಲ್ಲಿ ಆ ಮಾತಿಗೆ ಬೇರೆ ಅರ್ಥವಿತ್ತು.
ಊರು ಬಿಟ್ಟ ವರ್ಷ, ಬೇತಮಂಗಲದ ಖಾಸಿಂ ಸಾಬರ ಪೆಟ್ಟಿಗೆಯಲ್ಲಿ
ಬೆಳ್ಳಿ ಡಾಬು ಅಮಾನತ್ತು ಇಟ್ಟಿದ್ದಳು.
ಎಂಟು ವರ್ಷದ ಮೇಲೆ ಕೇಳಲು ಹೋದರೆ
ಹುಣಸೆಹಣ್ಣು ಹಾಕಿ ಉಜ್ಜಿ ಕೊಟ್ಟರಂತೆ.
ಇವರೂ ಇಟ್ಟುಕೊಂಡಿದ್ದಾರೆ, ಇವನ ಇಪ್ಪತ್ತಾರನೇ ವಯಸ್ಸನ್ನು.
ರಸೀತಿ ಕೊಟ್ಟಿಲ್ಲ.

ಹತ್ತೊಂಬತ್ತನೇ ವಾಯಿದೆಗೆ ತೀರ್ಪು. ಒಂದೂವರೆ ಪುಟ.
ಅಮಾನತಿನ ಅವಧಿ ಈಗಾಗಲೇ ಮುಗಿದಿರುವುದರಿಂದ
ಅರ್ಜಿಯಲ್ಲಿ ಏನೂ ಉಳಿದಿಲ್ಲವಾಗಿ ಮುಕ್ತಾಯಗೊಳಿಸಿದೆ.
“ನನ್ನ ಮಗ ಹೊಡೆದನಾ ಇಲ್ಲವಾ, ಅದು ಎಲ್ಲೈತೆ ಇದರಲ್ಲಿ?”
ಫಿಲೋಮಿನಮ್ಮ ಕಾಗದ ತಿರುಗಿಸಿ ಹಿಂಬದಿಯನ್ನೂ ನೋಡಿದರು.
ಗೆದ್ದ ಹಾಗೇ ಅಮ್ಮ, ಅಂದರು ಚೌಡಪ್ಪ,
ಬೇರೆ ಕಕ್ಷಿದಾರನ ಹೆಗಲ ಮೇಲೆ ಕೈ ಹಾಕಿಕೊಂಡು.

ಮರುದಿನ ಮತ್ತೆ ಬಂದ. ಮೂಲ ದಾಖಲೆ ವಾಪಸಾತಿ ಅರ್ಜಿ.
ಆಟಗಾರನ ನೋಂದಣಿ ಕಾರ್ಡು, ನಿಶಾನೆ ನಾಲ್ಕು.
ಫೋಟೋದಲ್ಲಿ ಮೀಸೆ ಇನ್ನೂ ಯೋಚನೆ ಮಾಡುತ್ತಿದೆ.
ಯಾತಕ್ಕೆ ಬೇಕು ಅಂತ ಬರೀಬೇಕಪ್ಪ, ಅಂದೆ.
ಎಲ್ಲರಿಗೂ ‘ಸ್ವಂತ ಉಪಯೋಗಕ್ಕಾಗಿ’ ಅಂತ ಹೊಡೆಯುತ್ತೇನೆ,
ಇವನಿಗೆ ಬೆರಳು ಏಳಲಿಲ್ಲ.

ಆಗ ಪೊಲೀಸ್ ಕ್ವಾರ್ಟರ್ಸಿನ ಕಡೆಯಿಂದ ಒಂದು ರಬ್ಬರ್ ಚೆಂಡು
ಉರುಳುತ್ತಾ ಮೇಜಿನಡಿ ಬಂತು.
ನೋಡದೆಯೇ ಅಂಗಾಲಿನಲ್ಲಿ ನಿಲ್ಲಿಸಿದ.
ಹಾಳೆ ಕೂಡ ಅಲುಗಲಿಲ್ಲ.
“ಅಣ್ಣಾ, ಬಾಲು,” ಅಂದರು ಕಾಂಪೌಂಡಿನ ಮೇಲೆ ಹತ್ತಿದ ಹುಡುಗರು.
ಅವನ ಕಣ್ಣು ನಾನು ಖಾಲಿ ಬಿಟ್ಟ ಸಾಲಿನ ಮೇಲೆ.
“ಅಣ್ಣಾ…”