ಎರಡನೆಯ ಹದ

ಮುರಿದ ಪಂಚು ಹಳೇ ಪೇಪರಿನಲ್ಲಿ ಸುತ್ತಿಕೊಂಡು
ಬಾಗಲೂರು ರಸ್ತೆಯ ಪ್ರೆಸ್ ಶಾಪಿನಿಂದ
ಹೊಸೂರು ಸಿಪ್ಕಾಟಿನ ನನ್ನ ಮೇಜಿಗೆ ಬಂತು.
ಎರಡು ತುಂಡು. ಜೊತೆಗೊಂದು ಚೀಟಿ, ತಮಿಳಿನಲ್ಲಿ:
ಮುನ್ನೂರೇ ಹೊಡೆತ. ಹಣ ವಾಪಸ್.

ಗಡಸುತನ ನೋಡಿದೆ. ಅರವತ್ತೆರಡು. ಕೇಳಿದಷ್ಟೇ ಇದೆ.
ಮುಳ್ಳು ಯಾರ ಪರವೂ ಅಲ್ಲದೆ ನಿಂತಿತ್ತು.

ಕೊಯ್ದೆ, ನೀರು ಬಿಡುತ್ತ, ಬಿಸಿಯಾಗದ ಹಾಗೆ.
ಬಿಸಿಯಾದರೆ ಸಾಕ್ಷಿ ಮಾತು ಬದಲಿಸುತ್ತದೆ.
ಬೇಕಲೈಟಿನ ಕರಿ ಬಿಲ್ಲೆಯಲ್ಲಿ ಕೂರಿಸಿ
ಎಮರಿ ಕಾಗದಕ್ಕೆ ಉಜ್ಜಿದೆ:
ಇನ್ನೂರಿಪ್ಪತ್ತು, ನಾನೂರು, ಆರುನೂರು, ಸಾವಿರ,
ಪ್ರತಿ ಸಲ ಕಾಲು ಸುತ್ತು ತಿರುಗಿಸಿ
ಹಿಂದಿನ ಗೀರು ಪೂರ್ತಿ ಅಳಿಯುವವರೆಗೆ.
ಕೊನೆಗೆ ಮಖಮಲ್ಲು, ವಜ್ರದ ಪುಡಿ ಕಲಸಿದ ಲೇಹ್ಯ.
ಕನ್ನಡಿಯಾಯಿತು.
ಕನ್ನಡಿಯಲ್ಲಿ ಟ್ಯೂಬ್‌ಲೈಟು, ನನ್ನ ಮೂಗುತಿ,
ಕಿಟಕಿಯಾಚೆ ಗುಡ್ಡದ ಮೇಲಿನ ಗೋಪುರ.
ಉಕ್ಕು ಮಾತ್ರ ಕಾಣಿಸಲಿಲ್ಲ.

ನೂರು ಪಾಲು ಸ್ಪಿರಿಟ್ಟಿಗೆ ಮೂರು ಪಾಲು ನೈಟ್ರಿಕ್ ಆಮ್ಲ.
ಹತ್ತಿಯಲ್ಲಿ ಸವರಿ ಎಣಿಸತೊಡಗಿದೆ, ಕನ್ನಡದಲ್ಲೇ;
ಲೆಕ್ಕ ನನಗೆ ಇನ್ನೂ ತಳಿಯ ಶಾಲೆಯ ಮಾತಿನಲ್ಲೇ ಬರುವುದು.
ಸರಿಯಾಗಿ ಹದಗೊಂಡದ್ದು ಹನ್ನೆರಡಕ್ಕೆ ಕಪ್ಪಾಗುತ್ತದೆ.
ಇದು ಮೂವತ್ತಕ್ಕೂ ಬೆಳ್ಳಗೆ. ನಲವತ್ತಕ್ಕೆ
ಒಲ್ಲದ ಮನಸ್ಸಿಂದ ಬೂದಿ ಬಣ್ಣ.
ನನ್ನ ಬೆರಳ ತುದಿ ಆಗಲೇ ಹಳದಿ, ಅರಿಶಿನ ಮುಟ್ಟಿದಂತೆ.
ಅಮ್ಮ ಪ್ರತಿ ಸಲ ಕೇಳುತ್ತಾಳೆ, ಇವತ್ತು ಯಾರ ಮನೆ ಶಾಸ್ತ್ರ ಅಂತ.

ಐನೂರು ಪಟ್ಟು.
ಮೊದಲು ಕಂಡದ್ದು ಕಾರ್ಬೈಡು: ಬಿಳಿ ಬಿಳಿ ಹರಳು,
ಪಟ್ಟೆಪಟ್ಟೆಯಾಗಿ, ಬೀಸುಕಲ್ಲಿಗೆ ಸಿಗದೆ ಉಳಿದ ನುಚ್ಚಿನ ಹಾಗೆ.
ಅದು ತಪ್ಪಲ್ಲ, ಈ ಜಾತಿ ಉಕ್ಕಿನ ಹುಟ್ಟುಗುಣ.
ಕಣಗಳು ಸಣ್ಣವೇ ಇವೆ; ಕುಲುಮೆ ಅತಿಯಾಗಿ ಕಾದಿಲ್ಲ.
ಪಿಳ್ಳಪ್ಪ ಕಿಂಡಿಯ ಕೆಂಪು ನೋಡಿಯೇ ಡಿಗ್ರಿ ಹೇಳುವವನು.
ಆಮೇಲೆ ಸೂಜಿಗಳು. ಮಾರ್ಟೆನ್ಸೈಟು.
ನನ್ನಲ್ಲಿ ಅದಕ್ಕೆ ಬೇರೆ ಹೆಸರಿಲ್ಲ,
ಎಣ್ಣೆಗೆ ಬಿದ್ದ ಗಳಿಗೆಯಲ್ಲಿ ಬೆಚ್ಚಿ ಸೆಟೆದ ರೋಮ.
ಸೂಜಿಗಳ ನಡುವೆ ತೇಪೆ ತೇಪೆ ಬಿಳುಪು:
ಬದಲಾಗದೆ ಅಡಗಿ ಕೂತ ಹಳೆಯದು.
ಒಂದು ಹದ ಉಂಡಿದೆ. ಎರಡನೆಯದು ಉಂಡಿಲ್ಲ.

ಉಕ್ಕು ಎಂಬ ಮಾತಿನಲ್ಲೇ ಇದೆಯಲ್ಲ ಅದು.
ಹಾಲು ಉಕ್ಕುವುದು, ಸಿಟ್ಟು ಉಕ್ಕುವುದು, ಇದೂ ಹಾಗೆ.
ಪ್ರೆಸ್ಸಿನ ಏಟಿಗೆ ಆ ಬಿಳುಪು ತಟ್ಟನೆ ಸೂಜಿಯಾಗಿ
ಕೂದಲೆಳೆಯ ಕಾಲುಭಾಗ ಹಿಗ್ಗುತ್ತದೆ,
ಹಿಗ್ಗಲು ಜಾಗ ಸಾಲದೆ ಸೀಳುತ್ತದೆ.

ವಹಿಯಲ್ಲಿ ಎರಡು ಸಹಿ ಇದೆ.
ಒಂದು ರಾತ್ರಿ ಒಂದಕ್ಕೆ. ಇನ್ನೊಂದು ಬೆಳಗಿನ ಐದಕ್ಕೆ.
ಎರಡೂ ಒಂದೇ ಪೆನ್ನು, ಒಂದೇ ಉಸಿರು.

ಪಿಳ್ಳಪ್ಪನನ್ನು ಕರೆದೆ. ಕೈ ಒರೆಸಿಕೊಂಡು ಬಂದ,
ಕನ್ನಡಕ ತೆಗೆದು ಕೊಳವೆಗೆ ಕಣ್ಣಿಟ್ಟ.
ಬಹಳ ಹೊತ್ತು.
‘ಹುಲ್ಲು ಹೊದಿಸಿದ ಸೂರಿನ ಹಾಗಿದೆ ಮೇಡಂ,
ಅಲ್ಲಲ್ಲಿ ಬಿಸಿಲು ಸೋರ್ತಾ ಇದೆ.’
ತೆಲುಗಿನಲ್ಲಿ ತನಗೇ ಏನೋ ಹೇಳಿಕೊಂಡ.
ಆಮೇಲೆ, ಕಣ್ಣು ತೆಗೆಯದೆ:
‘ನಾಲ್ಕೂವರೆಗೇ ಲಾರಿ ಬಂದು ನಿಂತಿತ್ತು.
ಸಹಿ ಹಾಕಿ ಕಳಿಸು ಅಂತ ಸಾರು ಫೋನು ಮಾಡಿದ್ರು.’

ಸಾರು ಇವತ್ತು ನನಗೂ ಫೋನು ಮಾಡಿದ್ದಾರೆ.
ಕಚ್ಚಾ ಮಾಲೇ ಸರಿಯಿಲ್ಲ ಅಂತ ಬರಿಯಮ್ಮ, ಪಟ್ಟೆ ಇದೆಯಲ್ಲ.
ಪಟ್ಟೆ ಇರುವುದು ನಿಜ. ಅದೇ ಕಷ್ಟ.

‘ಸರಿಯಾದ್ದು ಹೇಗಿರುತ್ತೆ?’ ಪಿಳ್ಳಪ್ಪ ಕೇಳಿದ.
ಇಪ್ಪತ್ತೆರಡು ವರ್ಷ ಕುಲುಮೆಯ ಬಾಯಲ್ಲಿ ನಿಂತವನಿಗೆ
ಒಳಗೇನಾಗುತ್ತದೆಂದು ಯಾರೂ ತೋರಿಸಿರಲಿಲ್ಲ. ನಾನೂ.
ಡ್ರಾಯರಿನಲ್ಲಿ ಹುಡುಕಿ, ಯುಗಾದಿಯ ವಾರ
ಅವನೇ ಕಾಯಿಸಿದ್ದ ಬಿಲ್ಲೆಯೊಂದನ್ನು ತೆಗೆದು
ಮತ್ತೆ ಉಜ್ಜಿ, ಹೊಳಪಿಸಿ, ಆಮ್ಲ ಸವರಿದೆ.
ಅವನೂ ಎಣಿಸತೊಡಗಿದ, ನನಗಿಂತ ನಿಧಾನವಾಗಿ.
ಮೇಜಿನ ಮೇಲೆ ಫೋನು ನಡುಗುತ್ತ ಅಂಚಿಗೆ ಸರಿಯಿತು.
ಒಂಬತ್ತು, ಅಂದ.
ಹತ್ತು.